ಫಂಡಿನವರ ಯಜಮಾನ

ಆ ದಿನ ನಾನು ಸುಳ್ಳು ಹೇಳಿದೆನೋ ಅನುವಾದ ಮಾಡಿದೆನೋ, ನನಗೇ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ಇಂಗ್ಲಿಷ್ ಕಲಿಸುವ ಮಾಸ್ತರನಿಗೆ ಈ ಎರಡರ ನಡುವಿನ ಗೆರೆ ಗೊತ್ತಿರಬೇಕು. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಗೊತ್ತಿರುತ್ತದೆ. ನಮ್ಮ ಕೊರಳಿಗೆ ಬಂದಾಗ ಗೆರೆ ಎಲ್ಲಿದೆಯೋ ಕಾಣುವುದೇ ಇಲ್ಲ.

ನನ್ನ ಹೆಸರು ಶ್ರೀಶೈಲಪ್ಪ. ಊರು ಕೋರಿಹಾಳ. ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಹತ್ತಿ, ಕ್ರಾಸಿನಲ್ಲಿ ಇಳಿದು, ಎರಡು ಮೈಲು ನಡೆಯಬೇಕು. ಆದರೆ 2006ರಲ್ಲಿ ನನ್ನ ನೌಕರಿ ಇದ್ದದ್ದು ಜಿಲ್ಲೆಯ ಇನ್ನೊಂದು ತುದಿಗೆ, ಇಂಡಿ ತಾಲೂಕಿನ ಅಗರಖೇಡದ ಹೈಸ್ಕೂಲಿನಲ್ಲಿ. ಇಂಡಿಯಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲೊಂದು ಸ್ಟೋವು, ಗೋಡೆಗೆ ಒಂದು ಕನ್ನಡಿ. ಶನಿವಾರ ಮಧ್ಯಾಹ್ನ ಹೊರಟು ಮೂರು ಬಸ್ಸು ಬದಲಿಸಿ ಮನೆ ಮುಟ್ಟುತ್ತಿದ್ದೆ. ಮನೆಯಲ್ಲಿ ಅವ್ವ. ಆಕೆಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ನನ್ನ ಹೆಂಡತಿ ಜಯಮಾಲಾ ಒಬ್ಬಳೇ ಆಕೆಯನ್ನು ಎತ್ತಿ ಕೂಡಿಸಿ, ಉಣಿಸಿ, ತೊಳೆದು ಸೊಂಟ ಹಿಡಿಸಿಕೊಂಡಿದ್ದಳು. ಸೋಮವಾರ ನಸುಕಿನಲ್ಲಿ ನಾನು ಚೀಲ ಎತ್ತಿದರೆ ಅವ್ವ ತೊದಲುತ್ತ ಒಂದೇ ಕೇಳುತ್ತಿದ್ದಳು.

"ಮತ್ತ ಯಾವಾಗ ಬರ್ತಿ?"

ವರ್ಗಾವಣೆಗೆ ಏಳು ವರ್ಷ ಅರ್ಜಿ ಹಾಕಿದ್ದೆ. ಬಸವನ ಬಾಗೇವಾಡಿಯ ಶಾಲೆಗಳಲ್ಲಿ ಇಂಗ್ಲಿಷ್ ಮಾಸ್ತರರ ಜಾಗ ಖಾಲಿ ಇದ್ದವು. ನನಗೆ ಮಾತ್ರ ಆ ಜಾಗ ಸಿಗುತ್ತಿರಲಿಲ್ಲ. ಯಾಕೆಂದು ಕೇಳಿದರೆ ಇಲಾಖೆಯವರು "ಮ್ಯಾಲಿಂದ ಬರಬೇಕ್ರಿ" ಅನ್ನುತ್ತಿದ್ದರು. ಮೇಲೆ ಎಂದರೆ ಎಲ್ಲಿ ಎಂದು ಯಾರೂ ಹೇಳಲಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮ ಭಾಗದ ಮಾಜಿ ಮಂತ್ರಿಗಳು ನನ್ನನ್ನು ಕರೆಸಿದರು. ಹೆಸರು ಬೇಡ, ಎಲ್ಲರೂ ಅವರನ್ನು ಸಾಹೇಬ್ರು ಅನ್ನುತ್ತಿದ್ದರು. ಹಿಂದಿನ ಚುನಾವಣೆಯಲ್ಲಿ ಸೋತಿದ್ದರು. ಸೋತ ಮೇಲೆ ಅವರ ಕಾರು ಇನ್ನೂ ದೊಡ್ಡದಾಗಿತ್ತು. ಈ ಲೆಕ್ಕ ನನಗೆ ಹತ್ತಲಿಲ್ಲ. ಆಮೇಲೆ ಹತ್ತಿತು. ನಮ್ಮವರು ಹಾಲಿ ಇದ್ದಾಗ ಸಹಿ ಮಾಡುತ್ತಾರೆ, ಮಾಜಿ ಆದ ಮೇಲೆ ಸಹಿ ಮಾಡಿಸುತ್ತಾರೆ.

ಬಾಗೇವಾಡಿಯ ಪ್ರವಾಸಿ ಮಂದಿರದ ಕಟ್ಟೆಯ ಮೇಲೆ ಸಾಹೇಬರು ಕೂತಿದ್ದರು. ಪಕ್ಕದಲ್ಲಿ ಅನಿಲ ಎಂಬ ತರುಣ ಎಂಜಿನಿಯರ್. ಕೋರಿಹಾಳದ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳನ್ನು ನಿಲ್ಲಿಸಲು ಬಂದ ಕಂಪನಿಯವನು, ವಿಜಾಪುರದ ಹುಡುಗ.

"ಮಾಸ್ತರ, ಹೊರದೇಶದ ಮಂದಿ ಬರಾಕತ್ತಾರ" ಎಂದರು ಸಾಹೇಬರು. "ಈ ಕಂಪನೀನ ಅವರ ಫಂಡು ಕೊಂಡೈತಿ. ಬರೂ ಮನಿಶ್ಯಾನೂ ಅಲ್ಲಿ ಮಂತ್ರಿ ಆಗಿದ್ದಾಂವ. ನೀವು ಮಾತು ತಿರುವಿ ಹೇಳಬೇಕು."

"ಯಾವ ದೇಶ್ರಿ?"

"ಆ ಕಡೀದು" ಎಂದು ಕೈಯನ್ನು ಪಡುವಣಕ್ಕೆ ಚಾಚಿದರು.

"ಫಂಡು ಅಂದ್ರ ಚೀಟಿ ಫಂಡಿನಂಗ ಏನ್ರಿ?" ಎಂದೆ. ನಮ್ಮ ಕಡೆ ಫಂಡು ಎಂದರೆ ಜನ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ಅನಿಲ ನಕ್ಕು, ಇದಕ್ಕೆ ಪ್ರೈವೇಟ್ ಇಕ್ವಿಟಿ ಎನ್ನುತ್ತಾರೆ ಎಂದ. ಜಗತ್ತಿನ ಎಲ್ಲೆಲ್ಲಿಯದೋ ರೊಕ್ಕ ಒಂದು ಕಡೆ ಕೂಡಿಸುತ್ತಾರೆ, ಆ ರೊಕ್ಕದಲ್ಲಿ ಕಂಪನಿ ಕೊಳ್ಳುತ್ತಾರೆ, ನಾಲ್ಕೈದು ವರ್ಷ ಇಟ್ಟುಕೊಂಡು ದೊಡ್ಡದು ಮಾಡಿ ಮಾರುತ್ತಾರೆ. ಯಾವ ದೇಶಕ್ಕೆ ಹೋದರೂ ಅಲ್ಲಿಯ ಹಳೆಯ ಮಂತ್ರಿಗಳನ್ನು ಸಲಹೆಗಾರರೆಂದು ಇಟ್ಟುಕೊಳ್ಳುತ್ತಾರೆ. ಯಾವ ಬಾಗಿಲು ಬಡಿಯಬೇಕು ಎಂದು ಅವರಿಗೆ ಗೊತ್ತಿರುತ್ತದಲ್ಲ. ಸಾಹೇಬರು ಇದನ್ನು ಕೇಳಿ ಪಂಚೆ ಸರಿಮಾಡಿಕೊಂಡರು.

"ರೊಕ್ಕ ಯಾರದು?" ಎಂದು ಕೇಳಿದೆ.

"ಅದು ಭಾಳ ಮಂದೀದು ಇರ್ತೈತ್ರಿ ಸರ" ಎಂದ ಅನಿಲ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದುಕೊಂಡೆ. ಮನೆಗೆ ಹೋಗಿ ಡಿಕ್ಷನರಿ ತೆರೆದು ನೋಡಿದರೆ ಇನ್ನಷ್ಟು ತಲೆ ಕೆಟ್ಟಿತು. ಹೊರಡುವಾಗ ಸಾಹೇಬರು ನನ್ನ ಬೆನ್ನ ಮೇಲೆ ಕೈಯಿಟ್ಟು, ವರ್ಗಾವಣೆಯ ಅರ್ಜಿಯ ಒಂದು ಪ್ರತಿ ತಮಗೂ ಕೊಡು ಎಂದಿದ್ದರು. ಅದೊಂದು ಮಾತ್ರ ಸ್ಪಷ್ಟವಾಗಿ ತಿಳಿದಿತ್ತು.

ಗುಡ್ಡದ ವಿಷಯ ಹೇಳಬೇಕು. ಅದು ಸರಕಾರದ ಜಾಗ, ದನಕರ ಮೇಯಲು ಬಿಟ್ಟದ್ದು. ಕೋರಿಹಾಳದಲ್ಲಿ ನಲವತ್ತು ಮನೆ ಕುರಿ ಸಾಕುವವರು. ಅವರ ಕುರಿಗಳು ಗುಡ್ಡ ಹತ್ತಿ ಆಚೆ ಇಳಿದು ಹಳ್ಳದ ನೀರಿಗೆ ಹೋಗುತ್ತವೆ. ಆ ದಾರಿ ಎಷ್ಟು ಹಳೆಯದೆಂದರೆ ಕಲ್ಲಿನ ಮೇಲೆ ಗೊರಸಿನ ತಗ್ಗು ಬಿದ್ದಿವೆ. ಆ ದಾರಿ ಇಲ್ಲದಿದ್ದರೆ ಡಾಂಬರು ರಸ್ತೆ ಹಿಡಿದು ಏಳೆಂಟು ಕಿಲೋಮೀಟರು ಸುತ್ತಬೇಕು, ಅದೂ ಲಾರಿಗಳ ನಡುವೆ. ಕಂಪನಿಗೆ ಗುಡ್ಡ ಕೊಡಲು ಊರವರ ತಕರಾರಿಲ್ಲ ಎಂಬ ಕಾಗದ ಬೇಕಿತ್ತು. ಕುರಿಯವರು ಒಪ್ಪದೆ ಆ ಕಾಗದ ಆಗುವಂತಿರಲಿಲ್ಲ.

ಕುರಿಯವರ ಹಿರಿಯ ಮಾಳಿಂಗರಾಯ. ಎಪ್ಪತ್ತು ದಾಟಿದ ಮುದುಕ, ಹೆಗಲ ಮೇಲೆ ಕರಿಕಂಬಳಿ, ಸೊಂಟದಲ್ಲಿ ಅಮೋಘಸಿದ್ಧ ದೇವರ ಭಂಡಾರದ ಚೀಲ. ನಾನು ಸಣ್ಣವನಿದ್ದಾಗಿನಿಂದ ಅವನಿಗೆ ಕಾಕಾ ಅನ್ನುತ್ತಿದ್ದೆ. ಅವನು ಮಾತ್ರ ನಾನು ಮಾಸ್ತರನಾದ ದಿನದಿಂದ ನನಗೆ ರೀ ಹಚ್ಚಿ ಮಾತಾಡುತ್ತಿದ್ದ.

ಭಂಡಾರ ಎಂದರೆ ಅರಿಸಿನದ ಪುಡಿ, ಅಷ್ಟೆ. ಆದರೆ ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತಿಗೆ ನಮ್ಮೂರಲ್ಲಿ ಎರಡಿಲ್ಲ. ಕುರಿ ಕಳುವಾದರೆ, ಅಣ್ಣತಮ್ಮಂದಿರು ಪಾಲಾದರೆ, ಬದುವಿನ ಕಲ್ಲು ಸರಿದರೆ, ಕೋರ್ಟಿಗೆ ಯಾರೂ ಹೋಗುವುದಿಲ್ಲ. ಅಂಗೈಗೆ ಭಂಡಾರ ಸುರಿಯುತ್ತಾರೆ, ಮಾತು ಹೇಳಿಸುತ್ತಾರೆ, ಹೇಳಿದವನು ಹಣೆಗೆ ಹಚ್ಚಿಕೊಳ್ಳುತ್ತಾನೆ. ಮುಗಿಯಿತು. ನಾವು ಲಿಂಗವಂತರು, ಆ ದೇವರ ಒಕ್ಕಲಲ್ಲ. ಆದರೂ ಭಂಡಾರ ಹಿಡಿದು ಸುಳ್ಳಾಡುವ ಎದೆಗಾರಿಕೆ ನಮ್ಮ ಮನೆಗಳಲ್ಲೂ ಯಾರಿಗಿಲ್ಲ.

ಫೆಬ್ರುವರಿಯ ಒಂದು ಭಾನುವಾರ ಆರು ಕಾರು ಬಂದವು. ಗುಡಿಯ ಮುಂದಿನ ಬೇವಿನ ಕಟ್ಟೆಗೆ ಜಮಖಾನೆ ಹಾಸಿದ್ದರು. ಆ ಕಡೆಯ ಮಾಜಿ ಮಂತ್ರಿ ಎತ್ತರದ ಮನುಷ್ಯ, ಬಿಸಿಲಿಗೆ ಮೂಗು ಕೆಂಪಾಗಿತ್ತು. ಕೆಟ್ಟವನಂತೆ ಕಾಣಲಿಲ್ಲ. ಮಕ್ಕಳ ಜೊತೆ ಕೈ ಕುಲುಕಿದ, ಕುರಿಮರಿಯೊಂದನ್ನು ಎತ್ತಿಕೊಂಡ, ಅದು ಅವನ ಅಂಗಿ ತೋಯಿಸಿದಾಗ ತಾನೇ ಮೊದಲು ನಕ್ಕ. ಈ ಕಡೆಯ ಮಾಜಿ ಮಂತ್ರಿ ಅವನ ಪಕ್ಕ ಕೂತು ತಾವೂ ನಕ್ಕರು. ನನಗೆ ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರಂತೆ ಕಂಡರು.

ಅನಿಲ ಊರವರಿಗೆ ಫಂಡಿನ ವಿಷಯ ಹೇಳಿದ. ಮಾಳಿಂಗರಾಯ ಕೊನೆತನಕ ಕೇಳಿ ತಲೆಯಾಡಿಸಿದ.

"ಹಂಗಾರ ಹೋರಿ ಕೊಂಡು, ಮೇಯ್ಸಿ, ಮತ್ತ ಸಂತ್ಯಾಗ ಮಾರೂ ಮಂದಿ" ಎಂದ. "ಆಗ್ಲಿ, ಅದೂ ಒಂದು ದಗದ. ನಮ್ಮದೇನು ತಕರಾರಿಲ್ರಿ. ಗುಡ್ಡದ ಮ್ಯಾಲೆ ಫ್ಯಾನ್ ತಿರಗ್ಲಿ, ಗಾಳಿ ನಮ್ಮಪ್ಪಂದೇನಲ್ಲ. ಕುರಿ ಹಳ್ಳಕ್ಕ ಹೋಗೂ ದಾರಿ ಮಾತ್ರ ಮುಚ್ಚಬಾರದು. ಕಾಗದಕ್ಕ ಹೆಬ್ಬೆಟ್ಟು ಒತ್ತತೇವಿ. ಯಜಮಾನ ಯಾರದಾನ, ಅಂವ ಭಂಡಾರ ಹಿಡದು ಒಂದ್ ಮಾತು ಹೇಳ್ಲಿ. ಮಾಸ್ತರ, ಇದನ್ನ ಅವರಿಗೆ ತಿಳಿಸಿ ಹೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ನನ್ನ ಕಿವಿಯ ಹತ್ತಿರ ಬಾಗಿದರು.

"ಆಣಿ ಗೀಣಿ ಅನಬ್ಯಾಡ್ರಿ. ಆಣಿ ಅಂದ್ರ ವಕೀಲರನ್ನ ಕೇಳ್ತೀನಿ ಅಂತಾನ, ಮತ್ತ ಆರು ತಿಂಗಳು ಹೋತು. ಆಶೀರ್ವಾದ ಅನ್ರಿ." ಆಮೇಲೆ, ಅದೇ ದನಿಯಲ್ಲಿ, "ನಿಮ್ಮ ಅರ್ಜಿ ನನ್ನ ಕಿಸೇದಾಗ ಐತಿ" ಎಂದರು.

ನಾನು ಆ ಕಡೆಯವರ ಕಡೆ ತಿರುಗಿ, ಊರ ಹಿರಿಯರು ನಿಮಗೆ ಪವಿತ್ರವಾದ ಅರಿಸಿನದಿಂದ ಹರಸಲು ಬಯಸುತ್ತಾರೆ, ಕುರಿಗಳ ದಾರಿ ತೆರೆದಿರಲಿ ಎಂದು ಅವರ ಆಸೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಆ ಮನುಷ್ಯನ ಮುಖ ಅರಳಿತು. ಎರಡೂ ಕೈ ಚಾಚಿದ. ಮಾಳಿಂಗರಾಯ ಚೀಲ ಬಿಚ್ಚಿ ಬೊಗಸೆಗೆ ಭಂಡಾರ ಸುರಿದ. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು.

"ಹೇಳ್ಲಿ" ಎಂದ ಮಾಳಿಂಗರಾಯ.

ಆ ಮನುಷ್ಯ ಹೇಳತೊಡಗಿದ. ಅವರ ಸಂಸ್ಥೆ ಎಲ್ಲ ಕಡೆಯೂ ಸ್ಥಳೀಯ ಸಮುದಾಯಗಳನ್ನು ಗೌರವಿಸುತ್ತದೆ, ಇದು ಸಹಭಾಗಿತ್ವ, ನಿಮ್ಮ ಕಾಳಜಿಗಳೆಲ್ಲವನ್ನೂ ಗಂಭೀರವಾಗಿ ಪರಿಶೀಲಿಸಲಾಗುವುದು, ಸುಸ್ಥಿರ ಭವಿಷ್ಯ, ಹೀಗೆ ಐದಾರು ನಿಮಿಷ. ನಾನು ಕಿವಿಗೊಟ್ಟು ಕೇಳಿದೆ. ಅದರಲ್ಲಿ ಇಲ್ಲ ಎಂಬುದು ಇರಲಿಲ್ಲ. ಹೌದು ಎಂಬುದೂ ಇರಲಿಲ್ಲ. ಮೂವತ್ತು ವರ್ಷ ಇಂಗ್ಲಿಷ್ ಓದಿದವನಿಗೂ ಹಿಡಿಯಲು ಒಂದು ಕೊನೆ ಸಿಗಲಿಲ್ಲ. ಅವನು ಮಾತು ಮುಗಿಸಿ ನನ್ನ ಕಡೆ ನೋಡಿದ. ಊರಿಗೆ ಊರೇ ನನ್ನ ಕಡೆ ನೋಡಿತು.

ಆ ಕ್ಷಣ ನನ್ನ ಕಣ್ಣಿಗೆ ಕಂಡದ್ದು ಅವ್ವನ ಹಾಸಿಗೆ. ಇದನ್ನು ನೆಪಕ್ಕೆ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

"ದಾರಿ ಮುಚ್ಚೂದಿಲ್ಲಂತ" ಎಂದೆ.

ಮಾಳಿಂಗರಾಯ ಆ ಮನುಷ್ಯನನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಖರೇ ಏನ್ರಿ ಮಾಸ್ತರ?"

"ಖರೇ" ಎಂದೆ.

ಅವನು ಸನ್ನೆ ಮಾಡಿದ. ಆ ಕಡೆಯ ಮಾಜಿ ಮಂತ್ರಿ ಹಣೆಯ ತುಂಬ ಭಂಡಾರ ಬಳಿದುಕೊಂಡ. ಮಂದಿ ಭಂಡಾರ ಹಾರಿಸಿದರು. ಫೋಟೋದವರು ಮುಂದೆ ನುಗ್ಗಿದರು. ಸಾಹೇಬರ ಬಿಳಿ ಅಂಗಿಯೂ ಹಳದಿಯಾಯಿತು. ಹೆಬ್ಬೆಟ್ಟುಗಳು ಕಾಗದದ ಮೇಲೆ ಸಾಲಾಗಿ ಬಿದ್ದವು.

ಮೂರು ವಾರದಲ್ಲಿ ನನ್ನ ವರ್ಗಾವಣೆ ಆಯಿತು. ಏಳು ವರ್ಷದ ಅರ್ಜಿಗೆ ಮೂರು ವಾರದ ಉತ್ತರ. ಬಾಗೇವಾಡಿಯ ಶಾಲೆಗೆ ಸೈಕಲ್ ಮೋಟರಿನಲ್ಲಿ ಹೋಗಿ ಸಂಜೆ ಐದಕ್ಕೆ ಮನೆಯಲ್ಲಿರುತ್ತಿದ್ದೆ. ಅವ್ವ ಇನ್ನೂ ಒಂದೂವರೆ ವರ್ಷ ಬದುಕಿದಳು. ಯಾವಾಗ ಬರ್ತಿ ಎಂದು ಮತ್ತೆ ಕೇಳಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟು ಜೀವ ಬಿಟ್ಟಳು. ಆ ಒಂದೂವರೆ ವರ್ಷಕ್ಕಾಗಿ ನಾನು ಇನ್ನೂ ನಾಲ್ಕು ಸುಳ್ಳು ಹೇಳುತ್ತಿದ್ದೆ ಎಂದು ಅನ್ನಿಸಿದ್ದುಂಟು. ಹಾಗೆ ಅನ್ನಿಸಿದಾಗ ಹೆದರಿಕೆಯೂ ಆಗುತ್ತಿತ್ತು.

ಗುಡ್ಡದ ಮೇಲೆ ಹದಿನಾಲ್ಕು ಫ್ಯಾನು ಎದ್ದವು. ಅವುಗಳ ನಡುವೆ ಕುರಿಗಳು ಎಂದಿನಂತೆ ಹೋಗಿ ಬಂದವು. ಹೇಳಿದ ಮಾತು ಖರೇ ಆಯಿತಲ್ಲ, ಇನ್ನೇನು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ನನ್ನ ಸುಳ್ಳಿಗೆ ದೇವರು ಸಹಿ ಹಾಕಿದ್ದಾನೆ ಎಂಬಷ್ಟು ಸೊಕ್ಕು ಬಂದಿತ್ತು.

2009ರ ಜೂನಿನಲ್ಲಿ ಗುಡ್ಡಕ್ಕೆ ಬೇಲಿ ಬಿತ್ತು. ಯಾರೋ ತಾಮ್ರದ ಕೇಬಲ್ ಕದ್ದರಂತೆ, ಅದಕ್ಕೆ ಸುತ್ತಲೂ ಕಬ್ಬಿಣದ ಜಾಳಿಗೆ, ಮೇಲೆ ಮುಳ್ಳುತಂತಿ. ಬೆಳಿಗ್ಗೆ ಹೋದ ಕುರಿಗಳು ಬೇಲಿಗೆ ಮೂಗು ಒತ್ತಿ ನಿಂತವು. ಕುರಿಗೆ ಏನು ಹೇಳುವುದು? ಮಾಳಿಂಗರಾಯ ಶಾಲೆಗೇ ಬಂದ. ಬಿಸಿಲಲ್ಲಿ ನಡೆದು ಬಂದಿದ್ದ, ಆದರೂ ಸಿಟ್ಟಿರಲಿಲ್ಲ.

"ಯಜಮಾನರಿಗೆ ಒಂದ್ ಮಾತು ತಿಳಸ್ರಿ" ಎಂದ. "ಮರತಿರಬೇಕು. ದೊಡ್ಡ ಮಂದಿ, ನೂರಾ ಎಂಟು ಕೆಲಸಾ ಇರ್ತಾವ. ಭಂಡಾರ ಹಿಡದಾಂವ ಬೇಕಂತ ಮಾಡೂದಿಲ್ಲ."

ಅವತ್ತಿನಿಂದ ನಾನು ಯಜಮಾನನನ್ನು ಹುಡುಕತೊಡಗಿದೆ.

ಗುಡ್ಡದ ಗೇಟಿಗೆ ಹೋದರೆ ಬೋರ್ಡೇ ಬದಲಾಗಿತ್ತು, ಬೇರೆ ಹೆಸರು, ಬೇರೆ ಬಣ್ಣ. ಅನಿಲ ಅಲ್ಲೇ ಇದ್ದ, ತಲೆಗೆ ಹೊಸ ಬಣ್ಣದ ಟೋಪಿ. ಫಂಡಿನವರು ಕಂಪನಿಯನ್ನು ಇನ್ನೊಂದು ಫಂಡಿಗೆ ಮಾರಿದ್ದಾರೆ, ಬೇಲಿಯ ಆರ್ಡರು ಮುಂಬಯಿಯಿಂದ ಬಂದಿದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಹಾಗಾದರೆ ಸಾಹೇಬರೇ ಗತಿ ಎಂದುಕೊಂಡೆ. ಅವರು ಸಿಂದಗಿಯಲ್ಲಿ ಒಂದು ಮದುವೆಗೆ ಬರುತ್ತಾರೆ ಎಂದು ತಿಳಿದು ಅಲ್ಲಿಗೆ ಹೋದೆ. ಊಟದ ಪಂಕ್ತಿಯಿಂದ ಎದ್ದು ಕೈ ತೊಳೆಯುವಾಗ ಸಿಕ್ಕರು. ಅಷ್ಟರಲ್ಲಿ ಅವರಿಗೆ ಸರಕಾರದಲ್ಲಿ ಯಾವುದೋ ನಿಗಮದ ಅಧ್ಯಕ್ಷಗಿರಿ ಬಂದಿತ್ತು.

"ಮಾಸ್ತರ, ಆಗ ನಾ ಮಾಜಿ ಇದ್ದೆ, ಮಾತಾಡಬಹುದಿತ್ತು" ಎಂದರು, ಟವೆಲಿನಿಂದ ಬೆರಳು ಒಂದೊಂದಾಗಿ ಒರಸಿಕೊಳ್ಳುತ್ತ. "ಈಗ ಹಾಲಿ ಅದೇನಿ. ಹಾಲಿ ಇದ್ದಾಗ ಕಂಪನಿ ವಿಷಯದಾಗ ಬಾಯಿ ಹಾಕೂದು ಛಲೋ ಅಲ್ಲ. ಪೇಪರ್‌ನವ್ರು ಬರೀತಾರ."

"ಅವತ್ತು ನೀವು ಅಲ್ಲೇ ಇದ್ರಿ ಸಾಹೇಬ್ರ. ಭಂಡಾರ ಹಿಡದಿದ್ದು ನೋಡೀರಿ."

"ನಾ ಹಿಡದಿಲ್ಲಲ್ಲ" ಎಂದರು. ಅದು ನಿಜವೇ ಆಗಿತ್ತು. ಆ ಗದ್ದಲದಲ್ಲೂ ಅವರು ತಮ್ಮ ಅಂಗೈಗೆ ಭಂಡಾರ ಬೀಳದಂತೆ ನೋಡಿಕೊಂಡಿದ್ದರು. ಅಂಗಿಗೆ ಬಿದ್ದದ್ದು ಒಗೆದರೆ ಹೋಗುತ್ತದೆ.

ಮುದ್ದೇಬಿಹಾಳದ ಸೈಬರ್ ಕೆಫೆಯಲ್ಲಿ ಕೂತು ಆ ಕಡೆಯ ಮಾಜಿ ಮಂತ್ರಿಗಳಿಗೆ ಒಂದು ಮೇಲ್ ಬರೆದೆ. ಅವರು ಕೊಟ್ಟಿದ್ದ ಕಾರ್ಡು ನನ್ನ ಹತ್ತಿರ ಇತ್ತು. ಒಂಬತ್ತು ದಿನಕ್ಕೆ ಉತ್ತರ ಬಂತು, ಬಹಳ ಪ್ರೀತಿಯ ಉತ್ತರ. ಆ ಅರಿಸಿನದ ಆಶೀರ್ವಾದ ನನ್ನ ಜೀವನದ ಮರೆಯಲಾಗದ ಗಳಿಗೆ, ಆ ಫೋಟೋ ನನ್ನ ಓದುವ ಕೋಣೆಯಲ್ಲಿದೆ, ಆ ಮುದುಕರು ಚೆನ್ನಾಗಿದ್ದಾರೆಯೇ ಎಂದು ಕೇಳಿದ್ದರು. ತಾವು ಈಗ ಆ ಸಂಸ್ಥೆಯಲ್ಲಿಲ್ಲ, ತಮ್ಮ ಸರಕಾರದ ಒಂದು ಆಯೋಗಕ್ಕೆ ಮುಖ್ಯಸ್ಥರು, ಆದ್ದರಿಂದ ಈ ವಿಷಯದಲ್ಲಿ ಏನೂ ಹೇಳುವಂತಿಲ್ಲ ಎಂದಿದ್ದರು. ಹಾಲಿಯಾದರೆ ಬಾಯಿಗೆ ಬೀಗ ಎಂಬ ರಿವಾಜು ಆ ದೇಶದಲ್ಲೂ ಇದೆ ಎಂದು ಆಗ ತಿಳಿಯಿತು. ಅವರು ಕೊಟ್ಟ ಇನ್ನೊಂದು ವಿಳಾಸಕ್ಕೆ ಬರೆದರೆ, ಆ ಕಂಪನಿ ಈಗ ನಮ್ಮದಲ್ಲ ಎಂದು ಎರಡು ಸಾಲು ಬಂತು. ಸಿಟ್ಟು ಯಾರ ಮೇಲೆ ಮಾಡಬೇಕೆಂದೇ ತೋಚಲಿಲ್ಲ. ಎಲ್ಲರೂ ಮರ್ಯಾದೆಯವರು, ಎಲ್ಲರೂ ಉತ್ತರ ಕೊಟ್ಟರು, ಯಾರೂ ಯಜಮಾನರಲ್ಲ.

ಮತ್ತೆ ಅನಿಲನ ಹತ್ತಿರ ಹೋದೆ. ಈ ಸಲ ಅವನಿಗೂ ಪಾಪ ಅನ್ನಿಸಿತೋ ಏನೋ, ಚಹಾದ ಅಂಗಡಿಗೆ ಕರೆದುಕೊಂಡು ಹೋಗಿ, ಹಳೆಯ ಪೇಪರಿನ ಅಂಚಿನಲ್ಲಿ ಗೆರೆ ಎಳೆದು ತೋರಿಸಿದ. ಕೆಳಗೆ ಕೋರಿಹಾಳದ ಗುಡ್ಡ. ಅದರ ಮೇಲೆ ಬೆಂಗಳೂರಿನ ಒಂದು ಕಂಪನಿ. ಅದರ ಮೇಲೆ ಮುಂಬಯಿ. ಅದರ ಮೇಲೆ ಸಮುದ್ರದ ನಡುವಿನ ಒಂದು ದ್ವೀಪ, ಅಲ್ಲಿ ಬರೀ ಒಂದು ಟಪಾಲು ಪೆಟ್ಟಿಗೆ ಇದೆಯಂತೆ. ಅದರ ಮೇಲೆ ಫಂಡು.

"ಫಂಡಿನ ಮ್ಯಾಲೆ?" ಎಂದೆ.

"ಅಲ್ಲಿ ರೊಕ್ಕಾ ಹಾಕಿದವ್ರು ಇರ್ತಾರ್ರಿ ಸರ. ಈ ಫಂಡಿನ್ಯಾಗ ಎಲ್ಲಾರಿಗಿಂತ ದೊಡ್ಡ ಪಾಲು ಅಂದ್ರ ಹೊರದೇಶದ ಒಂದು ರಾಜ್ಯದ ಸಾಲಿ ಮಾಸ್ತರರ ಪಿಂಚಣಿ ರೊಕ್ಕ."

"ಮಾಸ್ತರರದೋ?"

"ಹೌದ್ರಿ. ಪಗಾರದಾಗ ಮುರದದ್ದು. ನಿಮ್ಮಂಗ ಅವರೂ ಮಾಸ್ತರರ."

ನಾನು ಆ ಕಾಗದದ ತುದಿಯನ್ನು ನೋಡಿದೆ. ಎಲ್ಲಕ್ಕಿಂತ ಮೇಲೆ ಕೂತವನು ಎಲ್ಲೋ ಒಬ್ಬ ಮಾಸ್ತರ, ಕೈಗೆ ಸುಣ್ಣದ ಪುಡಿ ಮೆತ್ತಿಕೊಂಡು, ಗಂಟೆ ಯಾವಾಗ ಹೊಡೆಯುತ್ತದೆ ಎಂದು ಕಾಯುತ್ತಿರುವವನು. ಅವನಿಗೆ ಕೋರಿಹಾಳ ಎಂಬ ಊರಿದೆ ಎಂದೇ ಗೊತ್ತಿಲ್ಲ. ಚಹಾದ ರೊಕ್ಕ ಕೊಡುವುದನ್ನೂ ಮರೆತು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಮಾಳಿಂಗರಾಯ ಮನೆಗೆ ಬಂದ. ಜೊತೆಗೆ ಅವನ ಹೆಂಡತಿ ರೇವವ್ವ, ಇಬ್ಬರು ಹಿರಿಯರು. ಲಾರಿಯ ಕೆಳಗೆ ಸಿಕ್ಕು ಹಿಂದಿನ ಸಂಜೆ ಅವರ ಆರು ಕುರಿ ಸತ್ತಿದ್ದವು. ರೇವವ್ವನ ಸೀರೆಗೆ ರಕ್ತದ ಕಲೆ ಹಾಗೇ ಇತ್ತು. ಜಯಮಾಲಾ ಕಟ್ಟೆಯ ಮೇಲೆ ಕಂಬಳಿ ಹಾಸಿ ಒಳಗೆ ಚಹಾ ಇಡಲು ಹೋದಳು.

"ಯಜಮಾನ ಸಿಕ್ಕನೇನ್ರಿ ಮಾಸ್ತರ?" ಎಂದ ಮಾಳಿಂಗರಾಯ.

ನಾನು ಗೆರೆ ಎಳೆದ ಪೇಪರು ತೆಗೆದು ಹೇಳತೊಡಗಿದೆ. ಬೆಂಗಳೂರು, ಮುಂಬಯಿ, ದ್ವೀಪ, ಫಂಡು, ಪಿಂಚಣಿ. ಹೇಳುತ್ತ ಹೇಳುತ್ತ ನನ್ನ ಮಾತು ಆ ದಿನದ ಆ ಮನುಷ್ಯನ ಮಾತಿನಂತೆಯೇ ಕೇಳಿಸತೊಡಗಿತು. ಉದ್ದ ಇತ್ತು, ಕೊನೆ ಇರಲಿಲ್ಲ. ನಾಚಿಕೆಯಿಂದ ಪೇಪರು ಮಡಚಿಟ್ಟೆ.

"ಕಾಕಾ, ದಾರಿ ಮುಚ್ಚೂದಿಲ್ಲ ಅಂತ ಅವತ್ತು ಅವರು ಅಂದೇ ಇರ್ಲಿಲ್ಲ" ಎಂದೆ. "ಭಂಡಾರ ಅಂದ್ರೇನು ಅಂತ ನಾ ಅವರಿಗೆ ಹೇಳ್ಲೂ ಇಲ್ಲ. ಆಶೀರ್ವಾದ ಅಂದೆ. ನನ್ನ ವರ್ಗಾದ ಸಲುವಾಗಿ ಹಂಗ ಅಂದೆ. ಆ ಮಾತು ನಂದು."

ಹೇಳಿ ಮುಗಿಸಿ ತಲೆ ಎತ್ತುವ ಧೈರ್ಯ ಆಗಲಿಲ್ಲ. ಬೈಗುಳಕ್ಕೆ ಕಾದೆ. ಬಂದರೆ ಹಗುರಾಗುತ್ತಿತ್ತು.

"ಗೊತ್ತೈತ್ರಿ" ಎಂದ ಮಾಳಿಂಗರಾಯ.

ನಾನು ಅವನ ಮುಖ ನೋಡಿದೆ.

"ಅಂವ ಒಂದ್ ತಾಸಿನಂಗ ಮಾತಾಡಿದ, ನೀವು ಎರಡು ಮಾತಿನ್ಯಾಗ ಮುಗಿಸಿದ್ರಿ. ಕುರಿ ಕಾಯೂ ಮಂದಿ ಇದ್ರೂ ಅಷ್ಟು ತಿಳೀತೈತ್ರಿ. ಅದಕ್ಕ ನಾ ಮತ್ತೊಮ್ಮೆ ಕೇಳ್ದೆ, ಖರೇ ಏನು ಅಂತ. ನೀವು ಖರೇ ಅಂದ್ರಿ." ಅವನು ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ಅಂವ ಹೋಗೂ ಮನಿಶ್ಯಾ. ಹೋರಿ ವ್ಯಾಪಾರದಾಂವ ಊರಾಗ ನಿಲ್ತಾನೇನು? ನಿಮ್ಮ ಮನಿ ಇಲ್ಲೇ ಐತಿ, ಹೊಲಾ ಇಲ್ಲೇ ಐತಿ. ನಾವು ಹೆಬ್ಬೆಟ್ಟು ಒತ್ತಿದ್ದು ನಿಮ್ಮ ಖರೇಕ್ಕ."

ಬೇಲಿ ಬಿದ್ದ ದಿನದಿಂದ ನಾನು ಅವರಿಗೆ ಮೋಸ ಮಾಡಿದೆನೆಂದು ಒಳಗೊಳಗೇ ಬೇಯುತ್ತಿದ್ದೆ. ಅವರೋ ಮೋಸವನ್ನು ಅವತ್ತೇ ಕಂಡು, ಅದರ ಮೇಲೆಯೇ ನಂಬಿಕೆ ಇಟ್ಟಿದ್ದರು. ಎರಡು ದೇಶದ ಮಂತ್ರಿಗಳು ಕೂತ ಕಟ್ಟೆಯಲ್ಲಿ ಊರವರು ಯಜಮಾನ ಎಂದು ಗುರುತಿಟ್ಟುಕೊಂಡದ್ದು ನನ್ನನ್ನು.

ಒಳಗಿನಿಂದ ಜಯಮಾಲಾ ಚಹಾದ ತಾಟು ಹಿಡಿದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೂ ಈ ಕತೆ ಪೂರ್ತಿ ಗೊತ್ತಾದದ್ದು ಆಗಲೇ.

"ನಮ್ಮ ಹೊಲ ಬೇಲೀಗುಂಟ ಹಳ್ಳದ ತನಕ ಐತಲ್ಲ" ಎಂದಳು, ಕಪ್ಪು ಕೊಡುತ್ತ.

ಅದು ನನಗೂ ಹೊಳೆದಿತ್ತು, ಆದರೆ ಹ್ಯಾಗೆ ಬಾಯಿ ಬಿಡುವುದು ಎಂದು ಕೂತಿದ್ದೆ. ಇರುವುದೇ ನಾಲ್ಕು ಎಕರೆ, ಕರಿಭೂಮಿ. ಬಿತ್ತಿದ ತೊಗರಿ ಆಗಷ್ಟೇ ಮೊಳಕೆಯೊಡೆದು ಸಾಲು ಕಾಣುತ್ತಿತ್ತು. ಕುರಿ ಹಾಯುವಷ್ಟು ಅಗಲ ಬಿಟ್ಟರೆ ಅರ್ಧ ಎಕರೆ ಹೋಗುತ್ತದೆ, ಒಮ್ಮೆ ಬಿಟ್ಟ ದಾರಿಯನ್ನು ಮತ್ತೆ ಉಳುವಂತಿಲ್ಲ.

"ಅರ್ಧ ಎಕರೆ ಹೋಗ್ತೈತಿ" ಎಂದೆ ಅವಳಿಗೆ.

"ಹೋಗ್ಲಿ ಬಿಡ್ರಿ. ಅತ್ತಿ ನಿಮ್ಮ ತೊಡಿ ಮ್ಯಾಲೆ ಜೀವಾ ಬಿಟ್ರು. ಇಂಡಿ ಊರಾಗ ಇದ್ದಿದ್ರ ನಿಮಗ ಸುದ್ದಿ ಮುಟ್ಟೂದ್ರಾಗ ಮಣ್ಣಾಗ್ತಿತ್ತು. ಅದು ಪುಕ್ಕಟೆ ಬಂದದ್ದೇನು?"

ರೇವವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸತ್ತ ಕುರಿಗಳಿಗೋ ನನ್ನ ಅವ್ವನಿಗೋ ತಿಳಿಯಲಿಲ್ಲ, ಅವ್ವನೂ ಅವಳೂ ಒಂದೇ ಓಣಿಯಲ್ಲಿ ಬಾಳಿದವರು.

ನಾನು ಕೈ ಚಾಚಿದೆ. ಮಾಳಿಂಗರಾಯ ಚೀಲ ಬಿಚ್ಚಿ ಸ್ವಲ್ಪವೇ ಸುರಿದ. ಒಂದು ಬೊಗಸೆ ಇರಲಿಲ್ಲ, ಚಿಟಿಕೆಗಿಂತ ಹೆಚ್ಚು ಇತ್ತು. "ನಮ್ಮ ಹೊಲದಾಗಿನ ದಾರಿ ಮುಚ್ಚೂದಿಲ್ಲ. ನನ್ನ ಮಕ್ಕಳೂ ಮುಚ್ಚೂದಿಲ್ಲ" ಎಂದೆ. ಹಣೆಗೆ ಹಚ್ಚಿಕೊಂಡೆ. ಯಾರೂ ಏನೂ ಹಾರಿಸಲಿಲ್ಲ. ಎಲ್ಲರೂ ಚಹಾ ಕುಡಿದರು.

ಏಳುವಾಗ ಮಾಳಿಂಗರಾಯ ಮಡಚಿಟ್ಟ ಆ ಪೇಪರನ್ನು ತೋರಿಸಿ ಕೇಳಿದ.

"ತುದೀಗೆ ಯಾರೋ ಮಾಸ್ತರರು ಅಂದ್ರಲ್ಲ. ಅವರಿಗೆ ಗೊತ್ತೈತೇನ್ರಿ, ತಮ್ಮ ಆಸ್ತಿ ಇಲ್ಲಿ ಐತಿ ಅಂತ?"

"ಇಲ್ಲ ಕಾಕಾ."

"ಪಾಪ" ಎಂದ. "ಕಾಣಲಾರದ ಆಸ್ತಿ ಅಂದ್ರ ಹ್ಯಾಂಗ ಕಾಯ್ತಾರ? ಅವರಿಗೊಂದು ಕಾಗದಾ ಬರೀರಿ. ಬೈಬ್ಯಾಡ್ರಿ ಮತ್ತ. ಫ್ಯಾನ್ ಛಲೋ ತಿರಗಾಕತ್ತಾವ, ಕುರೀಗೆ ಮಾಸ್ತರರ ಹೊಲದಾಗ ದಾರಿ ಆಗೈತಿ, ನೀವು ಚಿಂತೀ ಮಾಡಬ್ಯಾಡ್ರಿ ಅಂತ ಬರೀರಿ."

ಅವತ್ತು ಮಧ್ಯಾಹ್ನವೇ ಬದುವಿನ ಗುಂಟ ಹಗ್ಗ ಹಿಡಿದು ಗೂಟ ಹೊಡೆದೆವು. ಮರುದಿನ ಮೊದಲ ಹಿಂಡು ಬಂದಾಗ ಮುಂದಿನ ಟಗರು ಹಳೆಯ ದಾರಿಯ ಕಡೆಗೇ ಎಳೆಯಿತು. ಮಾಳಿಂಗರಾಯ ಕೋಲು ಅಡ್ಡ ಹಿಡಿದು ತಿರುಗಿಸಿದ. ಎಳೆಯ ತೊಗರಿಯ ಸಾಲುಗಳ ಮೇಲೆ ಗೊರಸುಗಳು ಹಾದುಹೋದವು. ನೋಡಲು ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಮೇಲೆ ಬೇಲಿಯ ಆಚೆ ಹದಿನಾಲ್ಕು ಫ್ಯಾನುಗಳು ತಿರುಗುತ್ತಿದ್ದವು.

ಕಾಗದವನ್ನು ಬರೆದೆ. ಪ್ರಿಯ ಮಾಸ್ತರರೇ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ಮಾಳಿಂಗರಾಯ ಹೇಳಿದ್ದನ್ನು ಒಂದು ಮಾತೂ ಹೆಚ್ಚು ಕಡಿಮೆ ಮಾಡದೆ ತಿರುವಿದೆ. ಯಾವ ವಿಳಾಸಕ್ಕೆ ಹಾಕಬೇಕೆಂದು ಅನಿಲನನ್ನು ಕೇಳಿದ್ದೇನೆ. ಅವನು ಮೇಲೆ ವಿಚಾರಿಸಿ ಹೇಳುತ್ತೇನೆ ಎಂದಿದ್ದಾನೆ.